ಐಸ್‌ಕ್ರೀಂ ಡಬ್ಬದ ಡಿಫ್ಯೂಸರ್: ಮಳೆಗಾಲದ ಮ್ಯಾಕ್ರೋಗೆ ಕಡಿಮೆ ಖರ್ಚಿನ ಫ್ಲಾಶ್

ಉಡುಪಿ ಸುತ್ತಮುತ್ತ ಹುಳ, ಜೇಡ, ಕಪ್ಪೆಗಳು ಬೇಕಾದಷ್ಟು ಸಿಗುವುದು ಮಳೆಗಾಲದಲ್ಲಿ. ಅವುಗಳನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಫೋಟೋಗೆ ಬೇಕಾದ ಬೆಳಕು ಸಿಗದೇ ಇರುವುದೂ ಮಳೆಗಾಲದಲ್ಲೇ. ಆಟಿ ತಿಂಗಳಲ್ಲಿ ಅಡಿಕೆ ತೋಟದೊಳಗೆ ನಡು ಮಧ್ಯಾಹ್ನವೂ ಕತ್ತಲೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಕ್ಯಾಮೆರಾ ಹೊಂದಿಕೊಳ್ಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ಒಂದು ಸೆಂಟಿಮೀಟರ್ ಉದ್ದದ ಜೇಡ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೂ ಒಂದು ಸೆಂಟಿಮೀಟರ್ ಆಗಿಯೇ ಬೀಳಬೇಕು. ಇದೇ 1:1. ಈ ಅಳತೆಯಲ್ಲಿ ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಎಫ್/16ರಷ್ಟು ಕಿರಿದಾಗಿ ಇಟ್ಟರೂ ನನ್ನ ಕ್ಯಾಮೆರಾದಲ್ಲಿ ಫೋಕಸ್ ಸಿಗುವ ಆಳ ಅರ್ಧ ಮಿಲಿಮೀಟರ್ ಆಸುಪಾಸು. ಅಪರ್ಚರ್ ಇನ್ನೂ ತೆರೆದರೆ ಅದೂ ಹೋಯಿತು. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ, 400 ಇಟ್ಟು ತೋಟದೊಳಗೆ ಬೆಳಕು ಅಳೆದರೆ ಶಟರ್ ಕಾಲು ಸೆಕೆಂಡ್ ತೆರೆದಿರಬೇಕು ಎನ್ನುತ್ತದೆ ಮೀಟರ್. ಕಾಲು ಸೆಕೆಂಡಿನಲ್ಲಿ ಎಲೆ ಅಲುಗುತ್ತದೆ, ಕೈ ಅಲುಗುತ್ತದೆ, ಜೇಡ ಜಿಗಿದು ಹೋಗಿಯೇ ಬಿಡುತ್ತದೆ. ಟ್ರೈಪಾಡ್ ಇಟ್ಟರೆ ಕೈಯ ನಡುಕ ನಿಲ್ಲುತ್ತದೆ, ಗಾಳಿಗೆ ಆಡುವ ಎಲೆ ನಿಲ್ಲುವುದಿಲ್ಲ ಅಲ್ವಾ? ಹಾಗಾಗಿ ಫ್ಲಾಶ್ ಬೇಕೇ ಬೇಕು.

ಕಂಪನಿಗಳು ಮ್ಯಾಕ್ರೋಗೆಂದೇ ಮಾಡುವ ಜೋಡಿ ಫ್ಲಾಶ್‌ಗಳಿವೆ. ಒಳ್ಳೆಯವೇ. ಆದರೆ ನನ್ನ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾಕ್ಕಿಂತ ಅವುಗಳ ಬೆಲೆ ಜಾಸ್ತಿ. ಅಗ್ಗಕ್ಕೆ ಸಿಗುವ 'ರಿಂಗ್ ಲೈಟ್'ಗಳಲ್ಲಿ ಹೆಚ್ಚಿನವು ಬರೀ ಎಲ್‌ಇಡಿ ದೀಪಗಳು, ಎಫ್/16ಕ್ಕೆ ಅವುಗಳ ಬೆಳಕು ಸಾಲುವುದಿಲ್ಲ. ಸಾಮಾನ್ಯ ಮ್ಯಾನುಯಲ್ ಫ್ಲಾಶ್ ಒಂದನ್ನು ತೆಗೆದುಕೊಂಡು, ಅದರ ಮುಂದೆ ಕೂರಿಸುವ, ಬೆಳಕನ್ನು ಹರಡಿ ಮೃದು ಮಾಡುವ ಡಿಫ್ಯೂಸರ್‌ಗೆ ಮನಸ್ಸಿಟ್ಟು ಕೆಲಸ ಮಾಡಿದರೆ ಫೋಟೋದ ಗುಣಮಟ್ಟದಲ್ಲಿ ದುಬಾರಿ ಸೆಟ್‌ಗೆ ಹತ್ತಿರ ಬರಬಹುದು. ಇದು ನಾನು ಮಾಡಿ, ಬಳಸಿ, ನಂಬಿದ ಮಾತು. ಫ್ಲಾಶ್ ಬಿಟ್ಟು ಉಳಿದ ಸಾಮಾನಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ.

ಮೊದಲು ಕ್ಯಾಮೆರಾ, ಲೆನ್ಸ್

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ಯಾಮೆರಾ ಕೆನಾನ್ 700ಡಿ, ಲೆನ್ಸ್ 55-250, ಅದರ ಮೂತಿಗೆ ಕ್ಲಿಪ್ ಮಾಡುವ ರೇನಾಕ್ಸ್ ಡಿಸಿಆರ್-250. ಈ ರೇನಾಕ್ಸ್ ಅಂದರೆ 8 ಡಯಾಪ್ಟರ್ ಶಕ್ತಿಯ, ಹತ್ತಿರದ್ದನ್ನು ದೊಡ್ಡದಾಗಿ ತೋರಿಸುವ ಕ್ಲೋಸಪ್ ಲೆನ್ಸ್. ಅದರ ಫೋಕಲ್ ಲೆಂತ್ 125 ಮಿಲಿಮೀಟರ್. ಹಿಂದಿನ ಲೆನ್ಸನ್ನು ಇನ್‌ಫಿನಿಟಿಗೆ, ಅಂದರೆ ಅತಿ ದೂರಕ್ಕೆ, ಫೋಕಸ್ ಮಾಡಿಟ್ಟರೆ, ಜೂಮ್ ಸಂಖ್ಯೆಯನ್ನು 125ರಿಂದ ಭಾಗಿಸಿದಾಗ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು ಸಿಗುತ್ತದೆ. 250ರಲ್ಲಿ ಎರಡು ಪಟ್ಟು, 135ರಲ್ಲಿ ಒಂದು ಪಟ್ಟಿಗಿಂತ ಚೂರು ಜಾಸ್ತಿ.

ಇದರಲ್ಲಿ ನಮಗೆ ಬೇಕಾದ ಎರಡು ಲಾಭಗಳಿವೆ. ಒಂದು, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ 1:1 ತಲುಪಿದಾಗ ಎರಡು ಸ್ಟಾಪ್ ಬೆಳಕು ಕಳೆದುಹೋಗುತ್ತದೆ. ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ, ಅಂದರೆ ಕಾಲು ಭಾಗ ಮಾತ್ರ ಉಳಿಯುತ್ತದೆ. ಕ್ಲೋಸಪ್ ಲೆನ್ಸ್‌ನಲ್ಲಿ ಆ ನಷ್ಟ ಇಲ್ಲ. ಎರಡು, ಜೂಮ್ ಎಲ್ಲೇ ಇರಲಿ, ಹುಳಕ್ಕೂ ಲೆನ್ಸ್ ಮೂತಿಗೂ ನಡುವಿನ ದೂರ ಸುಮಾರು 12 ಸೆಂಟಿಮೀಟರ್ ಆಗಿಯೇ ಇರುತ್ತದೆ. ಡಿಫ್ಯೂಸರ್ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಬೆಳಕು ಎಲ್ಲಿಗೆ ಬೀಳಬೇಕು ಎಂಬುದು ಮೊದಲೇ ಗೊತ್ತಿದ್ದ ಹಾಗಾಯಿತು. ಜೂಮ್ ಮಾಡಿದಾಗ ಲೆನ್ಸ್ ಉದ್ದವಾಗುತ್ತದಲ್ಲ, ಅದಕ್ಕಾಗಿ ನಾನು 135ರ ಗುರುತಿನಲ್ಲಿಟ್ಟು ಒಂದು ಸುತ್ತು ಟೇಪ್ ಹಾಕಿಬಿಟ್ಟಿದ್ದೇನೆ. ಆಟೋಫೋಕಸ್ ಆಫ್. ಕ್ಯಾಮೆರಾವನ್ನೇ ಹಿಂದೆ ಮುಂದೆ ಮಾಡಿ ಫೋಕಸ್ ಹಿಡಿಯುವುದು.

ರೇನಾಕ್ಸ್ ಇಲ್ಲದವರು ಕೆಲವು ನೂರು ರೂಪಾಯಿಯ ರಿವರ್ಸ್ ರಿಂಗ್ ಹಾಕಿ 18-55 ಲೆನ್ಸನ್ನು ತಿರುಗಿಸಿ ಹಾಕಿದರೂ ಆಗುತ್ತದೆ. ಆಗ ಹುಳಕ್ಕೆ ತುಂಬಾ ಹತ್ತಿರ ಹೋಗಬೇಕಾಗುತ್ತದೆ. ಆದ್ದರಿಂದ ಡಿಫ್ಯೂಸರ್ ಚಿಕ್ಕದಾಗಿರಬೇಕು.

ಯಾವ ಫ್ಲಾಶ್?

ನಾನು ತೆಗೆದುಕೊಂಡದ್ದು ಗೋಡಾಕ್ಸ್ ಟಿಟಿ560. ಪೂರ್ತಿ ಮ್ಯಾನುಯಲ್, ನಾಲ್ಕು ಪೆನ್ಸಿಲ್ ಸೆಲ್, ಪವರ್ 1/1ರಿಂದ 1/128ರವರೆಗೆ ಇಳಿಸಬಹುದು. ಇದೇ ಆಗಬೇಕೆಂದಿಲ್ಲ. ಪವರ್ ಇಳಿಸಲು ಬರುವ ಯಾವ ಫ್ಲಾಶ್ ಆದರೂ ನಡೆಯುತ್ತದೆ.

ಟಿಟಿಎಲ್, ಅಂದರೆ ಕ್ಯಾಮೆರಾವೇ ಲೆನ್ಸ್ ಮೂಲಕ ಬೆಳಕು ಅಳೆದು ಫ್ಲಾಶ್‌ನ ಪವರ್ ಹೊಂದಿಸುವ ಸೌಲಭ್ಯ, ಬೇಡವೇ ಅಂತ ಕೇಳುವವರಿದ್ದಾರೆ. ಬೇಡ. ಮದುವೆ ಮನೆಯಲ್ಲಿ ಜನ ಹತ್ತಿರ ಬರುತ್ತಾರೆ, ದೂರ ಹೋಗುತ್ತಾರೆ, ಅಲ್ಲಿ ಬೇಕು. ಇಲ್ಲಿ ಹುಳದ ದೂರ ಬದಲಾಗುವುದೇ ಇಲ್ಲ, ಡಿಫ್ಯೂಸರ್ ದೂರವೂ ಬದಲಾಗುವುದಿಲ್ಲ. ಒಮ್ಮೆ ಬೆಳಕು ಸರಿ ಮಾಡಿಟ್ಟರೆ ದಿನವಿಡೀ ಅದೇ. ಕಪ್ಪು ಜೀರುಂಡೆಗೆ ಒಂದು ಹೆಜ್ಜೆ ಮೇಲೆ, ಬಿಳಿ ಪತಂಗಕ್ಕೆ ಒಂದು ಹೆಜ್ಜೆ ಕೆಳಗೆ. ಅಷ್ಟೇ.

ಇನ್ನೊಂದು ಮುಖ್ಯ ವಿಷಯ ಇದೆ. ಇಂಥ ಫ್ಲಾಶ್‌ಗಳು ಪವರ್ ಇಳಿಸುವುದು ಮಂಕಾಗಿ ಉರಿದು ಅಲ್ಲ, ಬೇಗ ಆರಿಹೋಗಿ. 1/32ರಲ್ಲಿ ಬೆಳಕು ಇರುವುದು ಸೆಕೆಂಡಿನ ಹತ್ತು ಸಾವಿರ ಭಾಗಗಳಲ್ಲಿ ಒಂದರ ಆಸುಪಾಸು ಮಾತ್ರ. ತೋಟದ ಬೆಳಕು ಎಫ್/16ರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ನಿಜವಾದ ಶಟರ್ ಫ್ಲಾಶೇ. ಕ್ಯಾಮೆರಾದಲ್ಲಿ 1/200 ಎಂದು ಬರೆದಿದ್ದರೂ ಫೋಟೋ ಆಗುವುದು ಆ ಚಿಕ್ಕ ಹೊತ್ತಿನಲ್ಲಿ. ಗಾಳಿ, ಕೈನಡುಕ ಎಲ್ಲ ಅಲ್ಲೇ ನಿಂತುಹೋಗುತ್ತವೆ. ಇದಕ್ಕೇ ಪವರ್ ಆದಷ್ಟು ಕಡಿಮೆ ಇಡಬೇಕು, ಡಿಫ್ಯೂಸರನ್ನು ಆದಷ್ಟು ಹತ್ತಿರ ತರಬೇಕು.

ಫ್ಲಾಶ್ ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ನಿಮ್ಮ ಕ್ಯಾಮೆರಾದ ತಲೆಯ ಮೇಲೆ ಫ್ಲಾಶ್ ಕೂರಿಸುವ ಹಾಟ್ ಶೂ ನಡುವೆ ದೊಡ್ಡ ಪಿನ್ ಇದೆಯಾ ನೋಡಿ. ಕೆನಾನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇವುಗಳಲ್ಲಿ ಆ ನಡುವಿನ ಪಿನ್ ಇಲ್ಲ. ಸಾಮಾನ್ಯ ಮ್ಯಾನುಯಲ್ ಫ್ಲಾಶ್ ಅವುಗಳ ಮೇಲೆ ಹೊಡೆಯುವುದಿಲ್ಲ. ಎರಡನೆಯದು, ಫಿಲ್ಮ್ ಕಾಲದ ಹಳೆಯ ಫ್ಲಾಶ್ ಮನೆಯಲ್ಲಿದ್ದರೆ ಅದನ್ನು ಸುಮ್ನೆ ತಂದು ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬೇಡಿ. ಕೆಲವು ಹಳೆಯ ಫ್ಲಾಶ್‌ಗಳ ಕಾಲಿನಲ್ಲಿ 200 ವೋಲ್ಟ್‌ಗೂ ಮೇಲೆ ಬರುತ್ತದೆ. ಅದು ಕ್ಯಾಮೆರಾದ ಸರ್ಕ್ಯೂಟನ್ನು ಸುಡಬಹುದು. ಫ್ಲಾಶನ್ನು ಆನ್ ಮಾಡಿ, ರೆಡಿ ದೀಪ ಬಂದ ಮೇಲೆ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ನಡುವಿನ ಪಿನ್‌ಗೂ ಇನ್ನೊಂದನ್ನು ಪಕ್ಕದ ಲೋಹದ ಪಟ್ಟಿಗೂ ಮುಟ್ಟಿಸಿ ನೋಡಿ. ಐದಾರು ವೋಲ್ಟ್‌ನೊಳಗೆ ಇದ್ದರೆ ಧೈರ್ಯವಾಗಿ ಹಾಕಬಹುದು. ಫ್ಲಾಶನ್ನು ಬಿಚ್ಚಲು ಮಾತ್ರ ಯಾರೂ ಹೋಗಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ, ಸೆಲ್ ತೆಗೆದ ಮೇಲೂ ಸುಮಾರು ಹೊತ್ತು ಇರುತ್ತದೆ.

ಸುರಂಗ

ಹಾಟ್ ಶೂ ಮೇಲಿನ ಫ್ಲಾಶ್ ಹುಳದಿಂದ ತುಂಬಾ ಹಿಂದೆ ಇರುತ್ತದೆ. ಉದ್ದ ಲೆನ್ಸ್, ಅದರ ಮುಂದೆ ರೇನಾಕ್ಸ್, ಅದಾದ ಮೇಲೆ ಹುಳ. ನೇರ ಹೊಡೆದರೆ ಲೆನ್ಸಿನ ನೆರಳೇ ಹುಳದ ಮೇಲೆ. ಬ್ರ್ಯಾಕೆಟ್ ಮತ್ತು ಕೇಬಲ್ ಹಾಕಿ ಫ್ಲಾಶನ್ನೇ ಮುಂದಕ್ಕೆ ತರುವವರಿದ್ದಾರೆ. ಅದು ಒಳ್ಳೆಯ ದಾರಿ, ಆದರೆ ಮಳೆಯಲ್ಲಿ ಜೋಡಣೆ ಕಡಿಮೆ ಇದ್ದಷ್ಟು ಒಳ್ಳೆಯದು ಎಂಬುದು ನನ್ನ ಲೆಕ್ಕ. ಫ್ಲಾಶ್ ಹಾಟ್ ಶೂನಲ್ಲೇ ಇರಲಿ, ಬೆಳಕನ್ನು ಒಂದು ಸುರಂಗದೊಳಗೆ ಮುಂದಕ್ಕೆ ಒಯ್ಯೋಣ ಅಂತ ತೀರ್ಮಾನಿಸಿದೆ.

ಸುರಂಗಕ್ಕೆ ಸನ್‌ಪ್ಯಾಕ್ ಶೀಟ್. ಅಂಗಡಿ ಜಾಹೀರಾತು, ಚುನಾವಣೆ ಬೋರ್ಡುಗಳಿಗೆ ಬಳಸುವ, ಒಳಗೆ ಸಾಲು ಸಾಲು ಟೊಳ್ಳು ಇರುವ ಪ್ಲಾಸ್ಟಿಕ್ ಶೀಟ್. ರಟ್ಟಿಗಿಂತ ಇದು ನೂರು ಪಾಲು ಮೇಲು. ನಮ್ಮೂರಿನ ಮಳೆಗೆ ರಟ್ಟು ಒಂದು ವಾರವೂ ಬಾಳುವುದಿಲ್ಲ. ನೆನೆಯುತ್ತದೆ, ಮೆತ್ತಗಾಗುತ್ತದೆ, ಆಮೇಲೆ ಬೂಸಲು. ಅಡಿಕೆ ಹಾಳೆಯನ್ನೂ ಯೋಚಿಸಿದ್ದೆ. ನೀರಲ್ಲಿ ನೆನೆಸಿ ಬಗ್ಗಿಸಿದರೆ ಬೇಕಾದ ಆಕಾರಕ್ಕೆ ಬರುತ್ತದೆ, ಒಣಗಿದ ಮೇಲೆ ಗಟ್ಟಿ, ಹಗುರ. ಬೇಸಿಗೆಯಲ್ಲಿ ಬಳಸುವವರಿಗೆ ಅದೇ ಸಾಕು. ಮಳೆಗಾಲದಲ್ಲಿ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ.

ಪ್ರಿಂಟಿಂಗ್ ಅಂಗಡಿಯಲ್ಲಿ ವಿಷಯ ಹೇಳಿದಾಗ ಅಲ್ಲಿದ್ದ ಅಣ್ಣ ಮೂಲೆಯಲ್ಲಿದ್ದ ಕಟಿಂಗ್ ತುಂಡುಗಳ ರಾಶಿ ತೋರಿಸಿದರು. "ಎಷ್ಟು ಬೇಕೋ ತಗೊಳ್ಳಿ. ಬಿಳಿದೇ ಬೇಕಾ, ಬಣ್ಣದ್ದು ಆಗ್ತದಾ?" ಬಿಳಿದೇ ಬೇಕು ಅಂದೆ. ಬಣ್ಣದ ಶೀಟ್ ಆದರೆ ಆ ಬಣ್ಣ ಬೆಳಕಿಗೂ ಹತ್ತುತ್ತದೆ.

ಸುರಂಗದ ಹಿಂದಿನ ಬಾಯಿ ಫ್ಲಾಶ್ ತಲೆಯ ಅಳತೆಗೆ, ಮುಂದಿನ ಬಾಯಿ ಡಬ್ಬದ ಅಗಲಕ್ಕೆ. ಮೇಲಿನಿಂದ ನೋಡಿದರೆ ಹಿಂದೆ ಸಪೂರ, ಮುಂದೆ ಅಗಲ. ಅಳತೆ ಹೇಳಿ ಪ್ರಯೋಜನ ಇಲ್ಲ, ಪ್ರತಿ ಫ್ಲಾಶ್‌ಗೂ ಬೇರೆ. ಮೊದಲು ಹಳೆಯ ಪೇಪರಿನಲ್ಲಿ ಕತ್ತರಿಸಿ, ಕ್ಯಾಮೆರಾದ ಮೇಲೆ ಕೂರಿಸಿ ನೋಡಿ, ಆಮೇಲೆ ಶೀಟಿಗೆ ಕಟರ್ ಹಾಕಿ. ಮಡಚುವಲ್ಲಿ ಪೂರ್ತಿ ಕತ್ತರಿಸಬೇಡಿ. ಮೇಲಿನ ಪದರ ಮಾತ್ರ ಸೀಳಿದರೆ ಕೆಳಗಿನ ಪದರವೇ ಕೀಲಾಗಿ ನಿಲ್ಲುತ್ತದೆ.

ಒಳಗೆ ಹೊಳೆಯುವ ಪದರ ಬೇಕು. ಅಡುಗೆ ಮನೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಬಹುದು, ಆದರೆ ಗೋಂದು ತೇವಕ್ಕೆ ಬಿಟ್ಟುಹೋಗುತ್ತದೆ. ಎಸಿ, ಫ್ರಿಜ್ ರಿಪೇರಿಯವರು ಬಳಸುವ ಅಲ್ಯೂಮಿನಿಯಂ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಅಂಟು ಹಿಂದೆಯೇ ಇರುತ್ತದೆ, ಬಿಡುವುದೇ ಇಲ್ಲ. ಹೊರಗಿನ ಸಂದುಗಳಿಗೆ ಗ್ಲೂ ಗನ್ ಹೊಡೆದೆ. ಸುರಂಗವನ್ನು ಫ್ಲಾಶ್ ತಲೆಗೆ ಹಿಡಿದಿಡುವುದು ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ಎರಡು ಉಂಗುರ. ರಬ್ಬರ್ ಬ್ಯಾಂಡ್ ತಿಂಗಳಲ್ಲಿ ಕಡಿಯುತ್ತದೆ, ಟ್ಯೂಬಿನ ಉಂಗುರ ವರ್ಷಗಟ್ಟಲೆ ಬರುತ್ತದೆ.

ಡಬ್ಬ

ಈಗ ಮುಖ್ಯ ಭಾಗ. ಮಂಗಳೂರು, ಉಡುಪಿಯ ಮನೆಗಳಲ್ಲಿ ಖಾಲಿ ಐಸ್‌ಕ್ರೀಂ ಡಬ್ಬಕ್ಕೆ ಬರವಿಲ್ಲ. ಫ್ಯಾಮಿಲಿ ಪ್ಯಾಕ್ ತಿಂದು ಮುಗಿದ ಮೇಲೆ ಡಬ್ಬಕ್ಕೆ ಬೇರೆ ಕೆಲಸ ಸಿಗುತ್ತದೆ. ನಾನು ಕಣ್ಣಿಟ್ಟಿದ್ದ ಡಬ್ಬವನ್ನು ಅಮ್ಮ ಕೊಡಲಿಲ್ಲ. "ಅದರಲ್ಲಿ ಸಾಂತಾಣಿ ಉಂಟು, ಮುಟ್ಬೇಡ. ಅಟ್ಟದಲ್ಲಿ ನಾಲ್ಕು ಖಾಲಿ ಉಂಟು ನೋಡು." ಅಟ್ಟದ ನಾಲ್ಕನ್ನೂ ಇಳಿಸಿ ಕತ್ತಲೆಯಲ್ಲಿ ಒಂದೊಂದರೊಳಗೂ ಟಾರ್ಚ್ ಹಾಕಿ ನೋಡಿದೆ. ಹೊರಗಿನಿಂದ ಎಲ್ಲವೂ ಬಿಳಿಯೇ. ಬೆಳಕು ಹಾಯಿಸಿದಾಗ ಗೊತ್ತಾಗುವುದು ನಿಜವಾದ ಬಣ್ಣ. ಹಳೆಯ ಒಂದು ಹಳದಿಗೆ ತಿರುಗಿತ್ತು. ಇನ್ನೊಂದು ತೀರಾ ದಪ್ಪ, ಬೆಳಕನ್ನೆಲ್ಲ ನುಂಗುತ್ತಿತ್ತು. ಹಾಲಿನ ಬಣ್ಣದಲ್ಲಿ ಸಮನಾಗಿ ಬೆಳಗಿದ್ದನ್ನು ಆರಿಸಿದೆ. ಒಂದು ಲೀಟರಿನ ಚೌಕ ಡಬ್ಬ, ತಳ ಪೂರ್ತಿ ಚಪ್ಪಟೆ.

ಡಬ್ಬದ ತಳವೇ ಬೆಳಕು ಹೊರಬರುವ ಮುಖ. ಬಾಯಿಯ ಒಂದು ಬದಿಯನ್ನು ಕತ್ತರಿಸಿ ಸುರಂಗಕ್ಕೆ ಜೋಡಿಸಿದೆ, ತಳ ಹುಳದ ಕಡೆಗೆ ಓರೆಯಾಗಿ ಕೆಳಗೆ ನೋಡುವ ಹಾಗೆ. ಬಾಯಿಯ ಉಳಿದ ಜಾಗಕ್ಕೆ ಸನ್‌ಪ್ಯಾಕ್ ಮುಚ್ಚಳ, ಅದರ ಒಳಗೂ ಅಲ್ಯೂಮಿನಿಯಂ ಟೇಪ್. ಡಬ್ಬ ಲೆನ್ಸ್ ಮೂತಿಗಿಂತ ನಾಲ್ಕೈದು ಸೆಂಟಿಮೀಟರ್ ಮುಂದೆ ಚಾಚಿಕೊಂಡಿರುತ್ತದೆ, ಹುಳಕ್ಕೆ ಏಳೆಂಟು ಸೆಂಟಿಮೀಟರ್ ದೂರದಲ್ಲಿ.

ಇಷ್ಟು ಹತ್ತಿರ ಯಾಕೆ? ಬೆಳಕು ಮೃದುವಾಗುವುದು ಡಿಫ್ಯೂಸರ್ ಬಟ್ಟೆಯೋ ಪ್ಲಾಸ್ಟಿಕ್ಕೋ ಎಂಬುದರಿಂದ ಅಲ್ಲ. ಹುಳ ಇರುವ ಜಾಗದಿಂದ ನೋಡಿದರೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬುದರಿಂದ. ಹದಿನೈದು ಸೆಂಟಿಮೀಟರ್ ಅಗಲದ ಡಬ್ಬ ಒಂದು ಮೀಟರ್ ದೂರದಲ್ಲಿದ್ದರೆ ಚಿಕ್ಕ ಬಲ್ಬ್. ಏಳು ಸೆಂಟಿಮೀಟರ್ ದೂರದಲ್ಲಿದ್ದರೆ ಒಂದು ಸೆಂಟಿಮೀಟರಿನ ಜೇಡಕ್ಕೆ ಅದು ಮೋಡ ಕವಿದ ಆಕಾಶದಂತೆ. ಡಿಫ್ಯೂಸರ್ ಮೇಲೆ ಕಡಿಮೆ ಖರ್ಚು ಮಾಡಿದರೂ ಚಿಂತೆಯಿಲ್ಲ, ಅದನ್ನು ದೂರ ಇಡಬೇಡಿ.

ಡಬ್ಬ ಒಂದೇ ಸಾಕಾ? ಸಾಲುವುದಿಲ್ಲ. ಸುರಂಗದಿಂದ ಬಂದ ಬೆಳಕು ಡಬ್ಬದ ನಡುವೆ ಜೋರಾಗಿ ಬಿದ್ದು, ಅಂಚಿಗೆ ಹೋಗುವಷ್ಟರಲ್ಲಿ ಮಂಕಾಗುತ್ತದೆ. ಹಾಗಾದರೆ ಡಬ್ಬ ಎಷ್ಟು ದೊಡ್ಡದಿದ್ದರೂ ಹುಳಕ್ಕೆ ಕಾಣುವುದು ನಡುವಿನ ಮಚ್ಚೆ ಮಾತ್ರ.

ಇದನ್ನು ಪರೀಕ್ಷಿಸಲು ನನಗೆ ಸಿಕ್ಕಿದ ಅತ್ಯುತ್ತಮ ಸಾಧನ ಕರಿಮಣಿ. ಹರಿದ ಸರದ ಬಿಡಿ ಮಣಿ ಒಂದನ್ನು ಬಿಳಿ ಹಾಳೆಯ ಮೇಲೆ ಗೋಂದಿನಿಂದ ಅಂಟಿಸಿದೆ. ಎರಡು ಮೂರು ಮಿಲಿಮೀಟರ್, ಕಪ್ಪು, ನುಣುಪು, ದುಂಡು. ಜಿಗಿಯುವ ಜೇಡದ ದೊಡ್ಡ ಕಣ್ಣಿನ ಫೋಟೋದಲ್ಲಿ ಏನು ಕಾಣಬೇಕೋ ಅದೇ ಈ ಮಣಿಯ ಮೇಲೂ ಕಾಣುತ್ತದೆ. ಬರೀ ಫ್ಲಾಶ್ ಹೊಡೆದಾಗ ಮಣಿಯ ಮೇಲೆ ಚೂಪು ಅಂಚಿನ ಬಿಳಿ ಚುಕ್ಕೆ, ಸುತ್ತ ಗಾಢ ಕಪ್ಪು, ಹಾಳೆಯ ಮೇಲೆ ಕತ್ತರಿಸಿಟ್ಟ ಹಾಗೆ ನೆರಳು. ಡಬ್ಬ ಹಾಕಿದಾಗ ಚುಕ್ಕೆ ಹರಡಿ ಚೌಕವಾಯಿತು, ಆದರೆ ಚೌಕದ ನಡುವೆ ಇನ್ನೂ ಉರಿಯುವ ಬಿಳುಪು. ಆ ನಡುವಿನ ಬಿಳುಪನ್ನು ಕರಗಿಸುವುದೇ ಉಳಿದ ಕೆಲಸ.

ಅದಕ್ಕೆ ಒಳಗೊಂದು ಎರಡನೇ ಪದರ ಬೇಕು. ಬಟರ್ ಪೇಪರ್, ಟ್ರೇಸಿಂಗ್ ಪೇಪರ್, ಹೊಸ ಟಿವಿ ಸುತ್ತಿ ಬರುವ ತೆಳು ಬಿಳಿ ಫೋಮ್, ಮೂರನ್ನೂ ಹಾಕಿ ಮಣಿಯ ಮುಂದಿಟ್ಟೆ. ಕಾಗದಗಳು ಬೆಳಕನ್ನು ಕಡಿಮೆ ತಿನ್ನುತ್ತವೆ, ಹರಡುವುದೂ ಕಡಿಮೆ. ತೇವ ತಾಗಿದರೆ ಸುಕ್ಕು. ಫೋಮ್ ಚೆನ್ನಾಗಿ ಹರಡುತ್ತದೆ, ನೀರಿಗೆ ಹೆದರುವುದಿಲ್ಲ. ಫೋಮೇ ಉಳಿಯಿತು.

ಅದನ್ನು ಎಲ್ಲಿ ಇಡುತ್ತೀರಿ ಎನ್ನುವುದೂ ಅಷ್ಟೇ ಮುಖ್ಯ. ಡಬ್ಬದ ತಳಕ್ಕೇ ಅಂಟಿಸಿದರೆ ಎರಡೂ ಸೇರಿ ಒಂದು ದಪ್ಪ ಪದರ ಆಗುತ್ತದೆ, ಅಷ್ಟೇ. ಬೆಳಕು ಕಡಿಮೆಯಾಗುತ್ತದೆ, ಮಚ್ಚೆ ಹೋಗುವುದಿಲ್ಲ. ಸುರಂಗ ಮುಗಿದು ಡಬ್ಬ ಶುರುವಾಗುವಲ್ಲಿ ಫೋಮನ್ನು ಪರದೆಯಾಗಿ ಕಟ್ಟಿ, ಅಲ್ಲಿಂದ ತಳದವರೆಗೆ ನಾಲ್ಕು ಬೆರಳು ಖಾಲಿ ಜಾಗ ಬಿಟ್ಟಾಗ ಬೆಳಕು ಮೊದಲು ಫೋಮ್‌ನಲ್ಲಿ ಹರಡಿ, ಖಾಲಿ ಜಾಗದಲ್ಲಿ ಇನ್ನಷ್ಟು ಅಗಲವಾಗಿ, ಡಬ್ಬದ ತಳಕ್ಕೆ ಸಮನಾಗಿ ಬಂದು ಬೀಳುತ್ತದೆ. ಈಗ ಮಣಿಯ ಮೇಲೆ ಕಂಡದ್ದು ಅಂಚಿನಿಂದ ಅಂಚಿಗೆ ಒಂದೇ ಬೆಳ್ಳನೆಯ ಚೌಕ. ಅದರ ಕೆಳಗಿನ ಅಂಚು ಮಣಿಯ ಕಪ್ಪಿನೊಳಗೆ ನಿಧಾನಕ್ಕೆ ಕರಗುತ್ತಿತ್ತು. ಹಾಳೆಯ ಮೇಲಿನ ನೆರಳಿಗೆ ಅಂಚೇ ಇರಲಿಲ್ಲ. ಆ ಫೋಟೋವನ್ನು ನಾನು ಇವತ್ತಿಗೂ ಇಟ್ಟುಕೊಂಡಿದ್ದೇನೆ, ಪ್ರತಿ ಹೊಸ ಡಿಫ್ಯೂಸರನ್ನೂ ಅದಕ್ಕೆ ಹೋಲಿಸುತ್ತೇನೆ.

ಎರಡು ಪದರಕ್ಕೆ ಬೆಲೆ ಕೊಡಬೇಕು. ಸುಮಾರು ಎರಡೂವರೆ ಸ್ಟಾಪ್ ಬೆಳಕು ಹೋಯಿತು. ಹೋದರೂ ಐಎಸ್‌ಒ 200, ಎಫ್/16, ಪವರ್ 1/32ರಲ್ಲಿ ಫೋಟೋ ಸರಿಯಾಗಿ ಬರುತ್ತದೆ. ಕಪ್ಪು ಹುಳಕ್ಕೆ 1/16. ಬಿಳಿ ಬಿಳಿಯಾಗಿಯೇ ಬರಲೆಂದು, ಬಿಳಿ ಹಾಳೆಯೊಂದರ ಫೋಟೋ ತೆಗೆದು ಕಸ್ಟಮ್ ವೈಟ್ ಬ್ಯಾಲೆನ್ಸ್ ಕೂಡ ಇಟ್ಟುಕೊಂಡೆ. ಡಬ್ಬದ ಬಿಳಿ, ಫೋಮ್‌ನ ಬಿಳಿ ಎರಡೂ ಬೇರೆ ಬೇರೆ. ಕಣ್ಣಿಗೆ ಗೊತ್ತಾಗದಿದ್ದರೂ ಎಲೆಯ ಹಸಿರಿನಲ್ಲಿ ಗೊತ್ತಾಗುತ್ತದೆ.

ಲೆನ್ಸ್ ಕೆಳಗೆ ಅಂಗೈಯಗಲದ ಬಿಳಿ ಸನ್‌ಪ್ಯಾಕ್ ತುಂಡೊಂದನ್ನು ವೆಲ್ಕ್ರೋ ಪಟ್ಟಿಯಿಂದ ಕಟ್ಟಿದ್ದೇನೆ. ಮೇಲಿನಿಂದ ಬಂದ ಬೆಳಕನ್ನು ಅದು ಹುಳದ ಹೊಟ್ಟೆಯ ಕಡೆಗೆ ತಿರುಗಿಸುತ್ತದೆ. ಇದು ಇಲ್ಲದಿದ್ದರೆ ಜೇಡದ ಕಾಲುಗಳ ಕೆಳಭಾಗ ಪೂರ್ತಿ ಕಪ್ಪು. ಪಕ್ಕದಲ್ಲಿ ಚಿಕ್ಕ ಎಲ್‌ಇಡಿ ಟಾರ್ಚ್ ಇನ್ನೊಂದು ಟ್ಯೂಬ್ ಉಂಗುರದಲ್ಲಿ. ಅದು ಫೋಟೋಗಲ್ಲ, ಫೋಕಸ್ ಕಾಣಲು. ತೋಟದ ಕತ್ತಲೆಯಲ್ಲಿ ವ್ಯೂಫೈಂಡರ್‌ನಲ್ಲಿ ಏನೂ ಕಾಣುವುದಿಲ್ಲ.

ತೋಟದಲ್ಲಿ

ಮೊದಲ ನಿಜವಾದ ಪರೀಕ್ಷೆ ಮನೆಯ ಗೋಡೆಯ ಜಿಗಿಯುವ ಜೇಡ. ಎಲ್ಲರ ಮನೆಯಲ್ಲೂ ಇರುತ್ತದೆ, ಓಡಿಹೋಗುವುದಿಲ್ಲ. ತಿರುಗಿ ನಿಂತು ನಮ್ಮನ್ನೇ ನೋಡುತ್ತದೆ. ಮುಂದಿನ ಎರಡು ದೊಡ್ಡ ಕಣ್ಣುಗಳಲ್ಲಿ ಡಬ್ಬದ ಚೌಕ ನೆಟ್ಟಗೆ ಕಂಡಿತು. ಪಕ್ಕದ ಚಿಕ್ಕ ಕಣ್ಣುಗಳಲ್ಲೂ ಕಂಡಿತು. ಕಣ್ಣಿನ ಸುತ್ತಲಿನ ಕೂದಲು ಒಂದೊಂದೂ ಬೇರೆ ಬೇರೆ. ಬರೀ ಫ್ಲಾಶ್‌ನಲ್ಲಿ ಆ ಕೂದಲುಗಳೆಲ್ಲ ಬೆಳ್ಳಗೆ ಒಂದಕ್ಕೊಂದು ಅಂಟಿಕೊಂಡ ಹಾಗೆ ಬರುತ್ತಿದ್ದವು.

ಹೊಳೆಯುವ ಹುಳಗಳೇ ಕಷ್ಟದ್ದು. ಗೆಣಸಿನ ಬಳ್ಳಿಯಲ್ಲಿ ಆಮೆ ಜೀರುಂಡೆ ಇರುತ್ತದೆ, ನೋಡಿರಬಹುದು. ಎಲೆಯಲ್ಲಿ ದುಂಡು ತೂತುಗಳಿದ್ದರೆ ಎಲೆ ತಿರುಗಿಸಿ ನೋಡಿ. ಚಿನ್ನದ ಬಣ್ಣದ ಬೆನ್ನು, ಅದರ ಸುತ್ತ ಗಾಜಿನಂಥ ಪಾರದರ್ಶಕ ಅಂಚು. ಆ ಅಂಚಿನ ಮೂಲಕ ಕೆಳಗಿನ ಎಲೆಯ ನರ ಕಾಣುತ್ತದೆ. ಆ ಚಿನ್ನ ಬಣ್ಣದ್ದಲ್ಲ, ಚಿಪ್ಪಿನ ಪದರಗಳಲ್ಲಿ ಬೆಳಕು ಆಡುವ ಆಟ. ಹಾಗಾಗಿ ಬೆಳಕು ಚಿಕ್ಕ ಚುಕ್ಕೆಯಾಗಿ ಬಂದರೆ ಚಿನ್ನವೂ ಚಿಕ್ಕ ಚುಕ್ಕೆ, ಉಳಿದ ಬೆನ್ನು ಕಂದು. ಬೆಳಕು ಅಗಲವಾಗಿ ಬಂದರೆ ಬೆನ್ನೆಲ್ಲ ಚಿನ್ನ. ಡಬ್ಬದ ಬೆಳಕಿನಲ್ಲಿ ಬೆನ್ನಿನ ಮುಕ್ಕಾಲು ಭಾಗ ಚಿನ್ನವಾಗಿ ಬಂತು. ಪೂರ್ತಿ ಬೇಕಾದರೆ ಇನ್ನೂ ದೊಡ್ಡ, ಲೆನ್ಸ್ ಸುತ್ತ ಬಾಗಿದ ಡಿಫ್ಯೂಸರ್ ಬೇಕು.

ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆಗಳ ನಡುವೆ, ಇರುವೆಯ ವೇಷದ ಜೇಡವೊಂದು ಓಡಾಡುತ್ತಿರುತ್ತದೆ. ಅದೇ ಕೆಂಪು, ಅದೇ ನಡಿಗೆ. ಮುಂದಿನ ಜೋಡಿ ಕಾಲುಗಳನ್ನು ಮೇಲೆತ್ತಿ ಮೀಸೆಯಂತೆ ಆಡಿಸುತ್ತದೆ. ಬರಿಗಣ್ಣಿಗೆ ಅದು ಇರುವೆಯೇ. ಕಾಲು ಎಣಿಸಿದರೆ ಎಂಟು, ಮುಖದಲ್ಲಿ ಜಿಗಿಯುವ ಜೇಡದ ದೊಡ್ಡ ಕಣ್ಣುಗಳು. ಒಂದು ಕ್ಷಣವೂ ನಿಲ್ಲದ ಈ ಜೇಡವನ್ನು ಹಿಡಿಯಲು ಸಾಧ್ಯವಾದದ್ದು ಫ್ಲಾಶ್‌ನ ಆ ಚಿಕ್ಕ ಹೊತ್ತಿನಿಂದ. ಬಲಗೈಯಲ್ಲಿ ಕ್ಯಾಮೆರಾ, ಎಡಗೈಯ ಎರಡು ಬೆರಳಲ್ಲಿ ರೆಂಬೆ. ಲೆನ್ಸಿನ ಕೆಳಭಾಗವನ್ನು ಅದೇ ಎಡಗೈಯ ಮಣಿಕಟ್ಟಿಗೆ ಆನಿಸಿದರೆ ಕ್ಯಾಮೆರಾ, ರೆಂಬೆ ಎರಡೂ ಒಟ್ಟಿಗೇ ಅಲುಗುತ್ತವೆ, ಫೋಕಸ್ ತಪ್ಪುವುದಿಲ್ಲ. ಇಡೀ ಡಿಫ್ಯೂಸರ್ ಹಗುರ ಇರಬೇಕು ಅನ್ನುವುದು ಇದಕ್ಕೇ. ಚಗಳಿ ಕಚ್ಚುತ್ತದೆ, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ.

ಹಿನ್ನೆಲೆ ಕಪ್ಪಾಗಿ ಬರುವುದು ಈ ಸೆಟ್‌ನ ದೊಡ್ಡ ದೂರು. ಹಗಲಲ್ಲಿ ತೆಗೆದದ್ದೂ ರಾತ್ರಿಯದ್ದಾಗಿ ಕಾಣುತ್ತದೆ. ದೂರ ಹೋದ ಹಾಗೆ ಫ್ಲಾಶ್ ಬೆಳಕು ಬೇಗ ಕುಸಿಯುತ್ತದೆ, ದೂರ ಎರಡು ಪಟ್ಟಾದರೆ ಬೆಳಕು ಹೆಚ್ಚು ಕಡಿಮೆ ಕಾಲು ಭಾಗ. ಹುಳದ ಹಿಂದೆ ಅರ್ಧ ಅಡಿಯೊಳಗೆ ಒಂದು ಎಲೆ ಬರುವ ಹಾಗೆ ಕೋನ ಹುಡುಕಿ. ಸಿಗದಿದ್ದರೆ ಕೆಳಗೆ ಬಿದ್ದ ಕೆಸುವಿನ ಎಲೆಯನ್ನೋ ಹಲಸಿನ ಎಲೆಯನ್ನೋ ಹಿಂದೆ ಹಿಡಿಯಲು ಯಾರಿಗಾದರೂ ಹೇಳಿ. ಹಸಿರು ಹಿನ್ನೆಲೆ ತಾನಾಗಿ ಬರುತ್ತದೆ.

ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು 'ಮೈಕ್ರೋಹೈಲಾ ಲ್ಯಾಟರೈಟ್' ಎಂಬ ಕಪ್ಪೆ ಇದೆ. ವಿಜ್ಞಾನಕ್ಕೆ ಹೊಸದೆಂದು 2016ರಲ್ಲಿ ಹೆಸರು ಪಡೆದದ್ದು ಇಲ್ಲಿಂದಲೇ. ಒದ್ದೆ ಚರ್ಮದ ಇಂಥ ಜೀವಿಗಳಿಗೆ ಈ ಡಬ್ಬದ ಬೆಳಕು ತುಂಬಾ ಸಹಾಯ, ಮೈಯೆಲ್ಲ ಬಿಳಿ ಚುಕ್ಕೆ ಬೀಳುವುದಿಲ್ಲ. ಆದರೆ ರಾತ್ರಿ ಕಪ್ಪೆಯ ಕಣ್ಣಿಗೆ ಫ್ಲಾಶ್ ಮೇಲೆ ಫ್ಲಾಶ್ ಹೊಡೆಯುವುದು ಸರಿಯಲ್ಲ. ಒಂದೆರಡು ಸಾಕು, ಆಮೇಲೆ ಬಿಟ್ಟುಬಿಡಿ. ಹುಳ ಅಲ್ಲಾಡದಿರಲೆಂದು ಫ್ರಿಜ್‌ನಲ್ಲಿಡುವುದು, ಕೈಯಲ್ಲಿ ಹಿಡಿದು ಕೂರಿಸುವುದು ಖಂಡಿತ ಬೇಡ.

ಮಳೆ, ಉಪ್ಪು, ಬೂಸಲು

ಹನಿ ಮಳೆಯಲ್ಲಿ ಡಬ್ಬವೇ ರೇನಾಕ್ಸ್‌ಗೆ ಸೂರು. ಫ್ಲಾಶ್ ದೇಹಕ್ಕೂ ಹಾಟ್ ಶೂಗೂ ಸೇರಿಸಿ ಒಂದು ಪ್ಲಾಸ್ಟಿಕ್ ತೊಟ್ಟೆ ಕಟ್ಟುತ್ತೇನೆ, ಹಿಂದೆ ಗುಂಡಿ ಒತ್ತಲು ಕೈ ಹೋಗುವಷ್ಟು ಬಿಟ್ಟು. ಜೋರು ಮಳೆ ಬಂದರೆ ಕೆಲಸ ನಿಲ್ಲಿಸುವುದೇ. ಒಳಗೆ ನೀರು ಹೋಗಿದೆ ಅನ್ನಿಸಿದರೆ ಫ್ಲಾಶ್ ಆಫ್ ಮಾಡಿ, ಸೆಲ್ ತೆಗೆದು, ಕೆಲವು ದಿನ ಒಣಗಲು ಬಿಡಿ. ಆನ್ ಆಗುತ್ತದಾ ಅಂತ ನೋಡುವ ಆತುರ ಬೇಡ.

ಸೆಲ್‌ಗಳು ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಇರಲಿ. ಬಳಸಿ ಬಿಸಾಡುವ ಸೆಲ್ ಮೇಲೆ ಮೇಲೆ ಹೊಡೆಯುವಾಗ ಬೇಗ ಸುಸ್ತಾಗುತ್ತದೆ, ಸುಮ್ಮನೆ ಒಳಗೇ ಬಿಟ್ಟರೆ ಸೋರುತ್ತದೆ. ಕಡಲ ಗಾಳಿಗೆ ಸೆಲ್ ಕೂರುವ ಲೋಹದ ತುದಿಗಳಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಹೋಗುತ್ತದೆ. ಫ್ಲಾಶ್ ರೆಡಿ ಆಗಲು ತಡ ಮಾಡುತ್ತಿದ್ದರೆ ಸೆಲ್ ಬದಲಿಸುವ ಮೊದಲು ಇದನ್ನು ನೋಡಿ.

ಲೆನ್ಸ್ ಒಳಗಿನ ಫಂಗಸ್ ನಮ್ಮೂರಿನ ಎಲ್ಲ ಕ್ಯಾಮೆರಾದವರ ತಲೆನೋವು. ತೋಟದಿಂದ ಬಂದ ಮೇಲೆ ಕ್ಯಾಮೆರಾವನ್ನು ಬ್ಯಾಗಿನಲ್ಲಿ ಇಡಬೇಡಿ, ಬ್ಯಾಗೇ ತೇವದ ಗೂಡು. ಒಣ ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಕೆಳಗೆ ಒಂದು ಗಂಟೆ ಇಟ್ಟು, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ಬಿಸಿ ಮಾಡಿದರೆ ಮತ್ತೆ ನೀಲಿಗೆ ಬರುತ್ತದೆ, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ಆ ನೀಲಿ ಬಣ್ಣದ ರಾಸಾಯನಿಕ ಹೊಟ್ಟೆಗೆ ಹೋಗಬಾರದ್ದು. ಅದಕ್ಕೊಂದು ಹಳೆಯ ಪಾತ್ರೆ ಬೇರೆ ಇಡಿ. ಡಿಫ್ಯೂಸರ್ ಮಾತ್ರ ಹೊರಗೇ ಇರಲಿ. ಸೋಪು ನೀರಲ್ಲಿ ತೊಳೆದು, ನೀರು ಬಸಿದುಹೋಗಲು ಬಾಯಿ ಕೆಳಗೆ ಮಾಡಿ ನೇತುಹಾಕಿ. ಸನ್‌ಪ್ಯಾಕ್‌ನ ಟೊಳ್ಳುಗಳಲ್ಲಿ ನೀರು ನಿಲ್ಲುತ್ತದೆ, ಕತ್ತರಿಸಿದ ಅಂಚುಗಳಿಗೆ ಟೇಪ್ ಹಾಕಿದರೆ ಆ ಕಷ್ಟವೂ ಇಲ್ಲ.

ಈಗ ಕೈಯಲ್ಲಿರುವ ಕೆಲಸ ಬಾಗಿದ ಡಿಫ್ಯೂಸರ್, ಆಮೆ ಜೀರುಂಡೆಗೆಂದೇ. ಹಾಲಿನ ಬಣ್ಣದ ಪ್ಲಾಸ್ಟಿಕ್ ಫೈಲಿನ ಹಾಳೆಯನ್ನು ಲೆನ್ಸ್ ಸುತ್ತ ಅರ್ಧ ಕೊಳವೆಯಾಗಿ ಬಗ್ಗಿಸಿ, ಅದೇ ಸುರಂಗದ ಬಾಯಿಗೆ ಜೋಡಿಸುವುದು. ಫೋಮ್ ಪರದೆ ಇದ್ದಲ್ಲೇ ಇರುತ್ತದೆ. ಕರಿಮಣಿಯ ಮೇಲೆ ಚೌಕದ ಬದಲು ಕಮಾನು ಕಾಣಿಸುತ್ತಿದೆ, ಎರಡು ಬದಿಯ ತುದಿಗಳಲ್ಲಿ ಬೆಳಕು ಇನ್ನೂ ಸ್ವಲ್ಪ ಮಂಕು. ಅಲ್ಲಿಗೆ ಅಲ್ಯೂಮಿನಿಯಂ ಟೇಪಿನ ಸಣ್ಣ ರೆಕ್ಕೆಗಳನ್ನು ಅಂಟಿಸಿ ನೋಡುತ್ತಿದ್ದೇನೆ.